ಎತ್ತಿದ ಬೆರಳು

...ನಗಬೇಡ ಭಾವ, ಇಂಟರ್ನೆಟ್ಟು ಕಂಡುಹಿಡಿದವನು ನಾನೇ! ಆ ಕೋಟು ಹಾಕಿದ ಫಾರಿನ್ನಿನವರು ಯಾರೂ ಅಲ್ಲ. ನಾನು! ನಮ್ಮ ಮೈದಾನದ ಸ್ಕೋರ್‌ಬೋರ್ಡಿನ ಹಿಂದೆ ತಗಡಿನ ಅಂಕಿ ನೇತುಹಾಕ್ತಾ ಕೂತಿದ್ನಲ್ಲ, ಅಲ್ಲಿಂದ ದಾರ ಕಟ್ಟಿರಲಿಲ್ವಾ? ಒಂದು ದಾರ ಟೀ ಅಂಗಡಿಗೆ, ಒಂದು ಕ್ಷೌರದ ಅಂಗಡಿಗೆ, ಒಂದು ಪೋಸ್ಟಾಫೀಸಿನ ಕಿಟಕಿಗೆ. ವಿಕೆಟ್ ಬಿತ್ತೋ, ಎಳೀತಿದ್ದೆ. ಮೂರೂ ಕಡೆ ಗಂಟೆ ಠಣ್! ಅರ್ಧ ಗಡ್ಡ ಹೆರೆಸಿಕೊಂಡೋರು ಸೋಪಿನ ಮುಖದಲ್ಲೇ ಓಡಿ ಬರೋರು. ಅದು ಲೈವ್ ಸ್ಕೋರ್ ಅಲ್ದೆ ಇನ್ನೇನು? ಅವರು ತಂತಿ ಎಳೆದ್ರು, ನಾನು ದಾರ ಎಳೆದೆ, ಅಷ್ಟೇ. ಒಬ್ಬ ಕೋಟಿನವನು ಬಂದು ಫೋಟೋ ಹೊಡಕೊಂಡು ಹೋದ. ಮುಂದಿನ ವರ್ಷ ನೋಡು, ಲೋಕಕ್ಕೆಲ್ಲ ಇಂಟರ್ನೆಟ್!

ಸುಳ್ಳಾ? ಹೋಗಿ ಕೇಳು ಯಾರನ್ನಾದ್ರೂ. ಟೀ ಅಂಗಡಿಯವನು ಹೋದ. ಕ್ಷೌರದವನು ಹೋದ. ದಾರಕ್ಕೆ ಮೇಣ ಹಚ್ಚಿ ಕೊಟ್ಟವಳು ನನ್ನ ತಂಗಿ, ನಿನ್ನ ಹೆಂಡತಿ... ಅವಳೂ ಹೋದಳು. ಉಳಿದ ಸಾಕ್ಷಿ ನೀನೊಬ್ಬ. ನಿನ್ನ ಬಾಯಿಗೆ ಲಕ್ವ ಹೊಡೆದು ಕೂತಿದೆ. ಅಂದ ಮೇಲೆ ನಾನು ಹೇಳಿದ್ದೇ ವೇದವಾಕ್ಯ.

ಹಾಂ, ಅರ್ಧ ಮುಖ ನಕ್ಕಿತು. ಸಾಕು. ಇನ್ನರ್ಧ ನಿನ್ನ ಪರವಾಗಿ ನಾನು ನಗ್ತೀನಿ.

ಗೊತ್ತು, ಗೊತ್ತು, ಸ್ಕೋರು! ಸ್ಕೋರು ಹೇಳೋವರೆಗೂ ಬಾಯಿ ತೆಗಿಯಲ್ಲ ಅನ್ನೋ ಹಟ ಅಲ್ವಾ? ನರ್ಸಮ್ಮ ನನ್ನನ್ನ ಬಾಗಿಲಲ್ಲೇ ಹಿಡಿದು ಹೇಳಿದ್ಲು: 'ಯಜಮಾನ್ರೇ, ಬೆಳಿಗ್ಗೆಯಿಂದ ಒಂದು ಚಮಚ ಒಳಗೆ ಹೋಗಿಲ್ಲ. ನೀವು ಬಂದು ಮ್ಯಾಚ್ ಹೇಳಿದ್ರೇ ಇವರು ನುಂಗೋದು. ಹೀಗೇ ಆದ್ರೆ ಜಾಸ್ತಿ ದಿನ ಇಲ್ಲ.' ...ಆ ಕೊನೇ ಮಾತು ಅವಳು ಅಂದಿಲ್ಲ ಬಿಡು, ನಾನೇ ಸೇರಿಸಿದ್ದು. ನನ್ನ ಚಾಳಿ ನಿನಗೆ ಗೊತ್ತಲ್ಲ.

ತಗೋ, ಸೂಪು ಇಲ್ಲಿದೆ, ಚಮಚ ಇಲ್ಲಿದೆ, ಫೋನು ಇಲ್ಲಿದೆ. ಓವರಿಗೊಂದು ಚಮಚ. ದಿನಾ ಇರೋ ಒಪ್ಪಂದ.

ಏನು, ಫೋನ್ ತೋರಿಸಬೇಕಾ? ಬೇಡಪ್ಪ. ಆ ಬೆಳಕು ನಿನ್ನ ಕಣ್ಣಿಗಾಗಲ್ಲ, ಡಾಕ್ಟ್ರು ಹೇಳಿದಾರೆ. ನಾನೇ ಓದ್ತೀನಿ. ಅಕ್ಷರ ನನ್ನ ಕಂಡ್ರೆ ಓಡಿಹೋಗುತ್ತೆ, ನಿಜ. ಆದ್ರೆ ಅಂಕಿ? ಅಂಕಿ ಹೊತ್ತೇ ತಲೆ ನೆರೆತವನು ನಾನು. ಅಂಕಿ ನನಗೆ ಸಾಕಿದ ನಾಯಿ ಇದ್ದ ಹಾಗೆ, ಸಿಳ್ಳೆ ಹಾಕಿದ್ರೆ ಬರುತ್ತೆ.

ಈ ಸಾಫ್ಟ್‌ವೇರ್ ಇದೆಯಲ್ಲ ಭಾವ... ಏನಂತ ಹೇಳಲಿ! ಅಲ್ಲಿ ಮೈದಾನದಲ್ಲಿ ಹುಡುಗರು ಬಾಲ್ ಬಾಲಿಗೂ ಒತ್ತುತ್ತಾರೆ, ಇಲ್ಲಿ ನಮ್ಮ ಕ್ಲಬ್ಬಿನ ಪುಟದಲ್ಲಿ ಟಪ್ ಅಂತ ಮೂಡುತ್ತೆ. ತಪ್ಪೇ ಮಾಡಲ್ಲ! ನಾನು ಆರು ಅನ್ನೋದನ್ನ ತಲೆಕೆಳಗೆ ನೇತುಹಾಕಿ ಒಂಬತ್ತು ಮಾಡಿ ನಿನ್ನ ಹತ್ರ ಬೈಸಿಕೊಂಡಿದ್ನಲ್ಲ, ಅಂಥ ಆಟ ಇದರ ಹತ್ರ ನಡೆಯಲ್ಲ. ಒಬ್ಬನೇ ಬೌಲರಿಗೆ ಬೆನ್ನುಬೆನ್ನಿಗೆ ಎರಡು ಓವರ್ ಕೊಡೋಕೆ ಹೋಗಲಿ... ಟೊಂಯ್ ಅಂತ ಕೂಗಿ ಅಲ್ಲೇ ನಿಂತುಬಿಡುತ್ತೆ! ಬೇರೆಯವನ ಹೆಸರು ಕೊಡೋವರೆಗೂ ಜಪ್ಪಯ್ಯ ಅಂದ್ರೂ ಮುಂದಕ್ಕೆ ಹೋಗಲ್ಲ. ಥೇಟ್ ನೀನೇ! ಒಂದು ಬಿಳಿ ಕೋಟು ಹಾಕಿದ್ರೆ ಇದನ್ನೇ ಅಂಪೈರ್ ಮಾಡಬಹುದು. ನೀನಾದ್ರೂ ಅಂಪೈರಾಗಿ ಔಟ್ ಅಂತ ಎತ್ತಿದ ಬೆರಳನ್ನ ಯಾವತ್ತಾದ್ರೂ ಇಳಿಸಿದವನಾ? ಮದುವೆಯಾದ ವಾರವೇ ನನಗೆ ಔಟ್ ಕೊಟ್ಟೆ! ಹೆಂಡತಿಯ ಅಣ್ಣ ಅಂತಲೂ ನೋಡಲಿಲ್ಲ. ಬಾಲು ಪ್ಯಾಡಿಗೆ ತಾಗೇ ಇರಲಿಲ್ಲ...

ಸರಿ, ತಾಗಿತ್ತು. ಚೂರು ತಾಗಿತ್ತು.

ದಿನಾ ಈ ಫೋನು 'ಅಪ್‌ಡೇಟ್ ಮಾಡಲಾ' ಅಂತ ಕೇಳುತ್ತಂತೆ. ಮಾಡು ಅಂದ್ರೆ ಒಂದು ಗಳಿಗೆ ಸತ್ತು, ಹೊಸದಾಗಿ ಎದ್ದು ಕೂರುತ್ತೆ. ಮನುಷ್ಯನಿಗೂ ಹಾಗೊಂದು ಇದ್ದಿದ್ರೆ... ಇಲ್ಲ ಬಿಡು. ನಮ್ಮ ಮಾಡಲ್ಲು ಹಳೇದು. ನಮಗಿನ್ನು ಅಪ್‌ಡೇಟ್ ಬರಲ್ಲ.

ಹೂಂ, ಮ್ಯಾಚು ಮ್ಯಾಚು! ಅವಸರ ನೋಡು! ನಮ್ಮೋರು ನೂರ ಮೂವತ್ತೆಂಟು. ಎದುರಿಗೆ ಬ್ಯಾಂಕಿನ ತಂಡ, ಎಲ್ಲ ಹೊಟ್ಟೆ ಬಂದೋರು... ಆ, ತೆಗಿ ಬಾಯಿ. ಶಾಬಾಶ್!

ಸದ್ದಾ? ಯಾವ ಸದ್ದು? ಓ, ಮೈದಾನದ ಕಡೆಯಿಂದ ಧಡಧಡ ಅನ್ನೋದಾ... ರೋಲರು, ಭಾವ. ಕ್ಲಬ್ಬಿಗೆ ಹೊಸಾ ರೋಲರ್ ತಂದಿದಾರೆ, ಆನೆಗಾತ್ರದ್ದು. ಮ್ಯಾಚ್ ನಡೀವಾಗ ಯಾಕೆ ಓಡಿಸ್ತಾರೆ ಅಂದ್ರೆ... ಅದು ಪಕ್ಕದ ನೆಟ್ಸಿನಲ್ಲಿ. ನನ್ನ ಚಪ್ಪಲಿ ಯಾಕೆ ನೋಡ್ತೀಯ? ಹೊಸ ಪಿಚ್ಚಿನ ಮಣ್ಣು, ಮೆತ್ತಿಕೊಂಡಿದೆ. ಕೇಳು ಇತ್ಲಾಗೆ.

ಬ್ಯಾಂಕಿನವರಿಗೆ ಎರಡೇ ಓವರಲ್ಲಿ ಹದಿನೈದು ಬೇಕು. ಬಾಲು ಯಾರ ಕೈಗೆ? ಕೊಕ್ಕರೆ ಕೈಗೆ! ನೀನೇ ಹೆಸರಿಟ್ಟೆಯಲ್ಲ, ಆ ಉದ್ದ ಕಾಲಿನ ಎಲೆಕ್ಟ್ರೀಷಿಯನ್ನು. ಮರದ ಕಡೆಯಿಂದ ಓಡಿ ಬಂದ ನೋಡು... ಮೊದಲ ಬಾಲಿಗೇ ಸ್ಟಂಪು ಹಾರಿತು! ಹಾರಿದ ಸ್ಟಂಪು ಕೀಪರನ ಟೋಪಿ ಕಿತ್ಕೊಂಡು ಹೋಗಿ ಬೌಂಡರಿ ದಾಟಿತು! ಓವರ್ ಮುಗೀತು, ಇನ್ನು ಹತ್ತು ಬೇಕು. ಚಮಚ ತಗೋ... ಹಾಂ, ನಿಧಾನ. ಈಗ ಕೊನೇ ಓವರ್. ಮೈದಾನವೆಲ್ಲ ಗಪ್‌ಚಿಪ್. ಕೊಕ್ಕರೆ ಬಾಲನ್ನ ಪ್ಯಾಂಟಿಗೆ ಉಜ್ಜಿದ, ಗಡಿಯಾರದ ಕಡೆಯಿಂದ ಓಡಿ ಬಂದ, ಬಂದ...

ಏನು? ಯಾಕೆ ಬಾಯಿ ಮುಚ್ಚಿದೆ? ಬಿಸಿನಾ? ಊದಿ ಕೊಡ್ಲಾ? ದಿಂಬು ಏರಿಸ್ಲಾ? ಹಾಗ್ಯಾಕೆ ನೋಡ್ತೀಯ... ಕೊಕ್ಕರೆ ಅಂದೆ. ಮರದ ಕಡೆಯಿಂದ ಅವನೇ... ಆಮೇಲೆ ಗಡಿಯಾರದ ಕಡೆಯಿಂದಲೂ... ಬೆನ್ನುಬೆನ್ನಿಗೆ ಎರಡು ಓವರ್...

ಅಯ್ಯೋ.

ಇಲ್ಲ, ತಾಳು ತಾಳು! ಅದು ಅವನಲ್ಲ, ಅವನ ತಮ್ಮ! ಅವನದೂ ಉದ್ದ ಕಾಲೇ... ತಮ್ಮ ಇಲ್ವಾ ಅವನಿಗೆ? ಹಾಗಾದ್ರೆ ಸಾಫ್ಟ್‌ವೇರಿನ ತಪ್ಪು. ಒಂದೊಂದ್ಸಲ ಅದೂ... ಹೌದು, ತಪ್ಪೇ ಮಾಡಲ್ಲ ಅಂದವನು ನಾನೇ. ಟೊಂಯ್ ಅಂತ ಕೂಗುತ್ತೆ ಅಂದವನೂ ನಾನೇ.

ಬೇಡ ಭಾವ. ಬೆರಳು ಎತ್ತಬೇಡ. ಮಲಗಿದ ದಿನದಿಂದ ಅಲ್ಲಾಡದ ಕೈ ಅದು, ಡಾಕ್ಟ್ರು ಬೇಡಿಕೊಂಡ್ರೂ ಏಳಲಿಲ್ಲ... ಇದಕ್ಕಾ ಎತ್ತೋದು? ನರ್ಸಮ್ಮಾ! ಬನ್ನಿ ಇಲ್ಲಿ, ಕೈ ಎತ್ತಿದ್ರು...

ಎತ್ತೇಬಿಟ್ಟೆ.

ಹೋಗಲಿ. ಸಿಕ್ಕಿಬಿದ್ದೆ, ಏನೀಗ? ಭುಜ ಕುಣಿಸಿದ್ದಕ್ಕೆ ಕಣ್ಣು ಬಿಡ್ತೀಯ, ಸಿಕ್ಕಿಬಿದ್ದವನು ಇನ್ನೇನು ಮಾಡಲಿ ಹೇಳು? ಫೋನಿನಲ್ಲಿ ಕ್ಲಬ್ಬಿನ ಪುಟವೇ ಇಲ್ಲ ಭಾವ. ಒಂದಿನ ತೆಗೀತೀನಿ, ದೊಡ್ಡದಾಗಿ ನಾಲ್ಕು, ಸೊನ್ನೆ, ನಾಲ್ಕು! ನಾನೂರ ನಾಲ್ಕು ಹೊಡೆದಿದಾರೆ ನಮ್ಮೋರು ಅಂತ ಮೆಟ್ಟಿಲ ಮೇಲೆ ಕುಣಿದೆ. ನಿನಗೂ ಬಂದು ಹೇಳಿದೆ. ಅವತ್ತು ನೀನು ಬಟ್ಟಲು ಪೂರ್ತಿ ಖಾಲಿ ಮಾಡಿದ್ದೆ. ಮಾರನೇ ದಿನವೂ ಅದೇ ನಾನೂರ ನಾಲ್ಕು. ಔಷಧಿ ಅಂಗಡಿಯವಳಿಗೆ ತೋರಿಸಿದೆ. 'ತಾತ, ಇದು ಸ್ಕೋರಲ್ಲ. ನೀವು ಹುಡುಕೋ ಪುಟ ಇಲ್ಲ ಅಂತ ಬರೆದಿದೆ' ಅಂದ್ಲು.

ಪುಟ ಹಾಳಾಗಲಿ, ಮೈದಾನವೇ ಇಲ್ಲ. ಅದು ರೋಲರಿನ ಸದ್ದಲ್ಲ. ಪಿಚ್ಚಿದ್ದ ಕಡೆ ಬಾವಿ ಹಾಗೆ ಅಗೆದಿದಾರೆ, ಎಂಥದೋ ಕಟ್ಟಡ ಏಳುತ್ತಂತೆ. ನನ್ನ ತಗಡಿನ ಅಂಕಿಗಳನ್ನ ಬೇಲಿಗೆ ಮೊಳೆ ಹೊಡೆದು ಕೂರಿಸಿದಾರೆ. ಆರೂ ಒಂಬತ್ತೂ ಒಂದೂ ನೆಟ್ಟಗಿಲ್ಲ. ಕೊಕ್ಕರೆ ಯಾವ ಊರು ಸೇರಿದನೋ.

ಬೆರಳು ಇಳಿಸು, ಭಾವ. ಒಂದು ಚಮಚ. ಸ್ಕೋರಿಲ್ಲದೆ ಒಂದೇ ಒಂದು ಚಮಚ... ತಂಗಿ ಮುಖ ನೋಡಿಯಾದ್ರೂ...

ಇಲ್ವಾ?

ಆಯ್ತಪ್ಪ. ನೀನು ಔಟ್ ಅಂದ ಮೇಲೆ ಔಟ್. ಔಟಾದವನು ಎದ್ದು ನಡೀಬೇಕು. ಆದ್ರೆ ಎಲ್ಲಿಗೆ ಅಂತ ನಡೀಲಿ? ಪೆವಿಲಿಯನ್ನೂ ಕೆಡವಿದಾರಲ್ಲೋ ಭಾವ.