'ತೊಳೆದದ್ದು' ಎಂಬ ಚೀಟಿಯ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 44 ವರ್ಷ, ವೃತ್ತಿ ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿ, ವಾಸ ಅದೇ ಸಂಸ್ಥೆಯ ವಸತಿಗೃಹದ ಎರಡನೇ ಮಹಡಿ, ಈ ದಿನ ಗುರುವಾರ ಬೆಳಿಗ್ಗೆ 11.15ಕ್ಕೆ ಯಾರೂ ಕರೆಸದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಪ್ರಯೋಗಾಲಯದಲ್ಲಿ ಸಮುದ್ರದ ಸ್ಪಂಜುಗಳಿಂದ ಒಂದು ಸಂಯುಕ್ತ ವಸ್ತುವನ್ನು ತಯಾರಿಸುತ್ತೇವೆ. ಸ್ಪಂಜು ಸತ್ತ ಮೇಲೂ ಅದರ ನಾರಿನ ಹಂದರ ಉಳಿಯುತ್ತದೆ. ಅದರೊಳಗೆ ಸಿಕ್ಕಿಕೊಂಡ ಮರಳನ್ನು ಆಮ್ಲದಲ್ಲಿ ಕರಗಿಸಿ, ಹನ್ನೆರಡು ಸಲ ನೀರು ಬದಲಿಸಿ ತೊಳೆದು, ಒಣಗಿಸಿ, ಕುಲುಮೆಯಲ್ಲಿ ಕರಿಯಾಗಿಸಿ, ಎಳೆಎಳೆಯ ಮೇಲೂ ತಾಮ್ರ ಕೂರಿಸುತ್ತೇವೆ. ಬಣ್ಣದ ಕಾರ್ಖಾನೆಗಳ ಕೊಳಕು ನೀರನ್ನು ಶುದ್ಧ ಮಾಡಲು ಇದು ಬೇಕು. ಈ ಆಮ್ಲ ಗಾಜನ್ನೂ ತಿನ್ನುತ್ತದೆ. ಚರ್ಮಕ್ಕೆ ತಗುಲಿದರೆ ಮೊದಲು ಉರಿಯುವುದಿಲ್ಲ, ಒಳಗಿಳಿದು ಗಂಟೆಗಳ ನಂತರ ನೋಯಿಸುತ್ತದೆ. ಇದು ನನಗೆ ಹದಿನೆಂಟು ವರ್ಷಗಳಿಂದ ಗೊತ್ತು.

ಗಾಯಗೊಂಡವರು ನಮ್ಮ ಪ್ರಯೋಗಾಲಯದ ಸಹಾಯಕಿ, ವಯಸ್ಸು 53. ಎಲ್ಲರೂ ಅಕ್ಕ ಎನ್ನುತ್ತೇವೆ. ತೊಳೆದ ಸ್ಪಂಜನ್ನು ಹಿಂಡಿ ಒಣಗಲು ಇಡುವುದು ಅವರ ಕೆಲಸ. ಆಮ್ಲದ ಕೆಲಸ ಅವರದಲ್ಲ. ಹಿಂಡುವಾಗ ಅವರು ಕೈಗವಸು ಹಾಕುತ್ತಿರಲಿಲ್ಲ. ಗವಸಿದ್ದರೆ ನಾರು ಎಲ್ಲಿ ಹರಿದಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ಅವರು ಬೇಡವೆಂದು ತೆಗೆದಿಟ್ಟ ತುಂಡುಗಳನ್ನು ಪರೀಕ್ಷೆಗೆಂದು ಸುಟ್ಟಾಗ ಒಂದೂ ಒಡೆಯದೆ ಉಳಿಯಲಿಲ್ಲ. ಹಾಗಾಗಿ ನಾನೂ ಸುಮ್ಮನಿದ್ದೆ.

ಚೀಟಿಗಳನ್ನು ನಾನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಸೋಮವಾರ ಅಕ್ಕ, ನಿಮ್ ಇಂಗ್ಲಿಷ್ ಚೀಟಿ ಓದೋಕೆ ನಾನು ಇನ್ನೊಂದ್ ಸಲ ಹುಟ್ಟಿ ಬರ್ಬೇಕು, ಅಷ್ಟರಲ್ಲಿ ಸ್ಪಂಜು ಒಣಗಿ ಕಡ್ಡಿ ಆಗಿರುತ್ತೆ ಎಂದು ನಗೆಯಾಡಿದರು. ಇನ್ನು ಮೇಲೆ ಕನ್ನಡದಲ್ಲೇ ಬರೆಯುತ್ತೇನೆ ಎಂದೆ.

ಮಂಗಳವಾರ ಮಧ್ಯಾಹ್ನ 3.40ಕ್ಕೆ ನಾಲ್ಕು ಸ್ಪಂಜುಗಳ ಆಮ್ಲ ಬಸಿದೆ. ಅಷ್ಟರಲ್ಲಿ ನಿರ್ದೇಶಕರು ಫೋನಿನಲ್ಲಿ ಕರೆದರು. ನೀರಿನಲ್ಲಿ ತೊಳೆಯುವುದು ಬಾಕಿ ಇತ್ತು. ಪ್ಲಾಸ್ಟಿಕ್ ತೊಟ್ಟಿಯನ್ನು ನಲ್ಲಿಯ ಪಕ್ಕದಲ್ಲಿಟ್ಟು, ಚೀಟಿ ಅಂಟಿಸಿ ಹೋದೆ. ಆಮ್ಲದ ಹಂತವನ್ನು ನಾವು ವಿಜ್ಞಾನಿಗಳು 'ವಾಷ್' ಎನ್ನುತ್ತೇವೆ. ಅದನ್ನೇ ಕನ್ನಡ ಮಾಡಿ 'ತೊಳೆದದ್ದು' ಎಂದು ಬರೆದೆ. ಕನ್ನಡದಲ್ಲಿ ತೊಳೆಯುವುದೆಂದರೆ ನೀರಿನಲ್ಲಿ ತೊಳೆಯುವುದು. ಅದು ನನಗೆ ಆಗ ಹೊಳೆಯಲಿಲ್ಲ.

4.10ಕ್ಕೆ ಅಕ್ಕ ಚೀಟಿಯನ್ನು ಸರಿಯಾಗಿ ಓದಿ, ನಾಲ್ಕನ್ನೂ ಬರಿಗೈಯಲ್ಲಿ ಹಿಂಡಿದರು. 5.25ಕ್ಕೆ ನಾನು ನನ್ನ ಕೋಣೆಗೆ ಮರಳಿದೆ. ತೊಟ್ಟಿಯ ಕಡೆ ಹೋಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, ಬೆರಳು ಒಂಥರಾ ಜುಂ ಅಂತಿದೆ ಮೇಡಂ, ವಯಸ್ಸಾಯ್ತು ಅನ್ಸುತ್ತೆ ಎಂದರು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ನಿಮಗೇ ವಯಸ್ಸಾದ್ರೆ ನಮ್ ಗತಿ ಏನಕ್ಕಾ, ಮನೆಗೆ ಹೋಗಿ ಮಲ್ಕೊಳ್ಳಿ ಎಂದೆ. ಈ ಆಮ್ಲ ತಗುಲಿದರೆ ಹಚ್ಚುವ ಮುಲಾಮು ಅವರು ನಿಂತಲ್ಲಿಂದ ಆರು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

ಬುಧವಾರ ಬೆಳಿಗ್ಗೆ 6.50ಕ್ಕೆ ಅವರ ಮಗಳು ಫೋನ್ ಮಾಡಿ, ಅಮ್ಮನ ಬೆರಳ ತುದಿ ಬೆಳ್ಳಗಾಗಿದೆ, ನೋವಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಆಸ್ಪತ್ರೆಗೆ ಹೊರಟಿದ್ದೇವೆ ಎಂದಳು. ಅವರು ಹಿಂಡಿದ್ದು ಆಮ್ಲ ಹೋಗದ ಸ್ಪಂಜುಗಳನ್ನು ಎಂದು ಆಗ ನನಗೆ ತಿಳಿಯಿತು. ಮುಲಾಮು ಹಿಡಿದು 7.20ಕ್ಕೆ ಆಸ್ಪತ್ರೆ ತಲುಪಿದೆ. ಹದಿನೈದು ಗಂಟೆ ಕಳೆದುಹೋಗಿತ್ತು. ಬಲಗೈಯ ಎರಡು ಬೆರಳುಗಳ ತುದಿ ತೆಗೆಯಬೇಕಾಗುತ್ತದೆ ಎಂದು ವೈದ್ಯರು ತಿಳಿಸಿದರು.

ಅದೇ ದಿನ 12 ಗಂಟೆಗೆ ನಿರ್ದೇಶಕರು ಸಂಸ್ಥೆಯ ವರದಿಯನ್ನು ನನ್ನ ಮುಂದಿಟ್ಟರು. ಕೈಗವಸು ಧರಿಸದ ಸಹಾಯಕಿಯ ನಿರ್ಲಕ್ಷ್ಯವೇ ಕಾರಣ ಎಂದು ಅದರಲ್ಲಿತ್ತು. ಆ ವರದಿ ನಿಂತರೆ ಅಕ್ಕನನ್ನು ಕೆಲಸದಿಂದ ತೆಗೆಯುತ್ತಾರೆ. ಇದು ಗೊತ್ತಿದ್ದೂ ಸಹಿ ಮಾಡಿದೆ. ಯಾರೂ ಬೆದರಿಸಲಿಲ್ಲ.

ಸಂಜೆ 4 ಗಂಟೆಗೆ ನಿರ್ದೇಶಕರೊಂದಿಗೆ ಆಸ್ಪತ್ರೆಗೆ ಹೋದೆ. ಅಕ್ಕ ನನ್ನನ್ನು ನೋಡಿ, ಚೀಟೀಲಿ ತೊಳೆದದ್ದು ಅಂತಾನೇ ಇತ್ತಲ್ವಾ ಮೇಡಂ, ಇಲ್ಲಾ ನಾನೇ ತಪ್ಪು ಓದಿದ್ನಾ ಎಂದು ಕೇಳಿದರು. ನಿರ್ದೇಶಕರು ಪಕ್ಕದಲ್ಲೇ ಇದ್ದರು. ವಿಶ್ರಾಂತಿ ತಗೊಳ್ಳಿ ಎಂದಷ್ಟೇ ಹೇಳಿ ಹೊರಗೆ ಬಂದೆ. ಪ್ರಯೋಗಾಲಯಕ್ಕೆ ಮರಳಿದಾಗ ಚೀಟಿ ಇನ್ನೂ ತೊಟ್ಟಿಯ ಮೇಲೇ ಇತ್ತು. ಅದನ್ನು ಕಿತ್ತು ತಂದಿದ್ದೇನೆ, ಇದರೊಂದಿಗೆ ಒಪ್ಪಿಸಿದ್ದೇನೆ.

ಹೇಳಿಕೆ ಬರೆದುಕೊಂಡ ಪೇದೆಯವರು ಓದಿ ಹೇಳಿದಾಗ, ಸಹಾಯಕಿಯು ಚೀಟಿಯನ್ನು 'ತಪ್ಪಾಗಿ ಅರ್ಥಮಾಡಿಕೊಂಡು' ಎಂದಿತ್ತು. ಹೊಡೆದು ಹಾಕಿ ಎಂದು ಕೇಳಿಕೊಂಡೆ. ಅವರು ಏನೆಂದು ಬರೆಯಲಿ ಎಂದರು. ಆ ಜಾಗದಲ್ಲಿ 'ಸರಿಯಾಗಿ ಓದಿ' ಎಂದು ಬರೆಸಿದ್ದೇನೆ.

ಸಂಸ್ಥೆಯ ವರದಿಯಲ್ಲಿರುವ ಸಹಿ ನನ್ನದೇ. ಇಲ್ಲಿರುವುದೂ ನನ್ನದೇ. ಎರಡರಲ್ಲಿ ಇದು ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಗುರುವಾರ, ಮಧ್ಯಾಹ್ನ 12.50
ಸಹಿ