ಕಲ್ಲಿಟ್ಟವರು ಯಾರು?

ಚನ್ನಗಿರಿಯ ಗೌಸ್‌ಪೀರ್ ಅವರ ಸೈಕಲ್ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಗೂಡ್ಸ್ ಆಟೋದವನೊಬ್ಬ ಬಂದು, ಚಕ್ರ ಸೊಟ್ಟಗಾದ ಸೈಕಲ್ಲೊಂದನ್ನು ಇಳಿಸಿದ. ಹಿಂದೆಯೇ ಅದರ ಒಡತಿ ಇಳಿದಳು. ಮೊಣಕೈ ತರಚಿದ್ದರೂ ಧ್ವನಿಗೆ ಏನೂ ಆಗಿರಲಿಲ್ಲ.

“ರಿಪೇರಿ ನಾನೇ ಮಾಡಿಸ್ತೀನಿ, ಬಿಡಕ್ಕ.”

“ಗುದ್ದಿಲ್ಲ ಅಂತೀಯ. ಮತ್ತೆ ನೀನ್ಯಾಕಪ್ಪ ಮಾಡಿಸ್ಬೇಕು?”

“ನನ್ನ ಗಾಡಿ ತಾಗೇ ಇಲ್ಲ. ನೀವೇ ನಡುರಸ್ತೆಗೆ ಬಂದ್ರಿ. ಹಾರ್ನ್ ಹೊಡೆದೆ, ಗಾಬರಿಯಾಗಿ ಕಲ್ಲಿಗೆ ಹತ್ತಿಸಿ ಬಿದ್ರಿ.”

“ಬದೀಗೆ ಹೋಗಾಕೆ ಜಾಗ ಎಲ್ಲೈತೆ? ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಗಾಕೆ ಹಾಕಿ, ಸುತ್ತ ಕಲ್ಲಿಟ್ಟಾರೆ. ಯಾರದು ಆ ಜೋಳ?”

“ನಂಗೇನು ಗೊತ್ತಕ್ಕ? ಎಲ್ರೂ ಹಾಕ್ತಾರೆ.”

“ಪೊಲೀಸರಿಗೆ ಹೇಳ್ತೀನಿ. ಅವರೇ ಹುಡುಕಲಿ.”

“ಹಂಗೆಲ್ಲ ಮಾಡಬ್ಯಾಡ್ರಿ. ಪಾಪ, ಕಣ ಇಲ್ದೋರು ಇನ್ನೆಲ್ಲಿ ಒಣಗಿಸ್ತಾರೆ?”

“ಕಣ ಇಲ್ಲ ಅಂತ ನಿಂಗೆ ಹೆಂಗೆ ಗೊತ್ತು?”

ಅವನು ಕೆಳಗೆ ಕೂತು ಸೈಕಲ್ಲಿನ ಬೆಲ್ ಒರೆಸತೊಡಗಿದ.

ಅಷ್ಟರಲ್ಲಿ ಅಂಗಡಿಯ ತಗಡಿನ ಮೇಲೆ ದಪ್ಪ ಹನಿಗಳು ಬಿದ್ದವು. ಅವನು ದಡಕ್ಕನೆ ಎದ್ದ.

“ಸಾಬ್ರೆ, ರೆಡಿ ಮಾಡಿಟ್ಟಿರಿ. ತಾಡಪಾಲು ಹೊದಿಸಿ ಬಂದ್ಬಿಡ್ತೀನಿ.”

ಅವಳು ಆಟೋದ ಹಿಂಭಾಗವನ್ನು ನೋಡಿದಳು.

“ಗಾಡಿ ಖಾಲಿ ಐತಲ್ಲ. ಯಾವುದಕ್ಕೆ ಹೊದಿಸ್ತೀಯ?”

ಆಟೋ ಆಗಲೇ ಬಂದ ದಾರಿಗೇ ತಿರುಗಿತ್ತು.