ನಾಲ್ಕು ಸೆಕೆಂಡಿಗೊಂದು ಹನಿ

ರಾತ್ರಿ ಹನ್ನೊಂದೂವರೆ. ನನ್ನ ಚಿಕ್ಕಮ್ಮನ ಮಗಳು ಲ್ಯಾಬಿನ ಕೆಲಸ ಮುಗಿಸಿ ಮನೆಗೆ ನಡೆದು ಹೊರಟಿದ್ದಳು. ಕಟ್ಟಡದ ಹಿಂದಿನ ಓಣಿಯಲ್ಲಿ ಒಂದು ಹಳೇ ಬಾವಿ. ಬತ್ತಿ ಎಷ್ಟೋ ವರ್ಷವಾಗಿದೆ. ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಅದರೊಳಗಿಂದ ಸದ್ದು ಬಂತು.

ತೊಟ್...

ನಾಲ್ಕು ಸೆಕೆಂಡು.

ತೊಟ್...

ಇವಳು ಸುಮ್ಮಸುಮ್ಮನೆ ಹೆದರುವವಳಲ್ಲ. ಸಿನಿಮಾ ಹೇಗಿತ್ತು ಅಂದರೆ ‘ಎರಡು ಗಂಟೆ ಹತ್ತು ನಿಮಿಷ’ ಅನ್ನುವವಳು. ನಾನು ಈ ಕತೆ ನಂಬಿರುವುದೂ ಅದಕ್ಕೇ. ಬತ್ತಿದ ಬಾವಿಗೆ ನೀರು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲೂ ಅವಳಿಗೆ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಓಡಿದ್ದು ಬೇರೆ: ನಾಲ್ಕು ಸೆಕೆಂಡಿಗೊಂದು ಹನಿ... ಸಂಜೆ ನನ್ನ ಮೇಜಿನ ಮೇಲಿದ್ದ ಕೊಳವೆ ಹೀಗೇ ತೊಟ್ಟಿಕ್ಕುತ್ತಿತ್ತಲ್ಲ? ಆ ಹನಿಗಳನ್ನು ಎಲ್ಲಿಗೆ ಹಾಕಿದೆ?

ಬ್ಲೀಚಿನ ಡಬ್ಬಕ್ಕೆ.

ಅವಳ ಕಾಲು ಅಲ್ಲೇ ನಿಂತಿತು.

ವಿಷಯ ಇಷ್ಟೇ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ ನಾಲ್ಕಾರು ಪ್ರೋಟೀನುಗಳದೇ ದರ್ಬಾರು. ಹುಡುಕುತ್ತಿರುವ ರೋಗದ ಪ್ರೋಟೀನು ಇದ್ದರೆ ಕೋಟಿಗೊಂದು. ದೊಡ್ಡವರ ಗದ್ದಲದಲ್ಲಿ ಅದು ಯಂತ್ರಕ್ಕೆ ಕಾಣುವುದಿಲ್ಲ. ಹಾಗಾಗಿ ತಿಳಿಯನ್ನು ಒಂದು ಪುಟ್ಟ ಕೊಳವೆಯ ಮೂಲಕ ಇಳಿಸುತ್ತಾರೆ. ಒಳಗಿನ ಪುಡಿ ದೊಡ್ಡವರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ತೊಟ್ಟಿಕ್ಕುವ, ನೋಡಿದರೆ ಕಸ ಅನ್ನಿಸುವ ನೀರಿದೆಯಲ್ಲ, ಬೇಕಾದ್ದು ಅದು. ಇವಳು ದಿನಾ ಮಾಡುತ್ತಿದ್ದ ಕೆಲಸದಲ್ಲಿ ನಿಯಮ ಉಲ್ಟಾ: ಹಿಡಿದದ್ದನ್ನು ಇಟ್ಟುಕೋ, ಸೋರಿದ್ದನ್ನು ಚೆಲ್ಲು. ಕೈ ಅಭ್ಯಾಸದಂತೆ ಚೆಲ್ಲಿತ್ತು.

ಆ ರಕ್ತ ಲ್ಯಾಬಿನ ವಾಚ್‌ಮನ್ನನ ಹೆಂಡತಿಯದು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ಅವಳಿಗೆ ಹೊಸ ಔಷಧಿಯ ಮೊದಲ ಇಂಜೆಕ್ಷನ್. ಆ ಪ್ರೋಟೀನು ಇದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ಅಷ್ಟರೊಳಗೆ ರಿಪೋರ್ಟ್ ಹೋಗದಿದ್ದರೆ ತೊಂದರೆಯಿಲ್ಲ ಅಂದುಕೊಂಡು ಡಾಕ್ಟರು ಕೊಟ್ಟೇ ಕೊಡುತ್ತಾರೆ.

ಓಡಿ ಬಂದಳು. ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತ.

“ಏನು ಮೇಡಂ, ಏನಾದ್ರೂ ಬಿಟ್ಟು ಹೋದ್ರಾ?”

“ಅಣ್ಣಾ... ಅತ್ತಿಗೆದು ಇನ್ನೊಂಚೂರು ರಕ್ತ ಬೇಕಿತ್ತು.”

“ಈಗ್ಲಾ? ಮನೆ ಎರಡು ಗಂಟೆ ದಾರಿ. ಕೊನೇ ಬಸ್ಸೂ ಹೋಯ್ತು.” ದನಿ ತಗ್ಗಿಸಿದ. “ಏನಾದ್ರೂ ತೊಂದ್ರೆನಾ?”

“ಇಲ್ಲ ಇಲ್ಲ.”

ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು, ಸ್ವಿಚ್ ಆಫ್. ಡಬ್ಬ ನೋಡಿದಳು. ಬ್ಲೀಚು ತನ್ನ ಕೆಲಸ ಮುಗಿಸಿತ್ತು. ಮಧ್ಯಾಹ್ನದ ಟ್ಯೂಬಿನಲ್ಲೂ ತಿಳಿ ಉಳಿದಿರಲಿಲ್ಲ. ಸ್ಟೂಲಿನ ಮೇಲೆ ಕುಕ್ಕರಿಸಿದಳು. ಫ್ರೀಜರಿನ ಗುಂಯ್ ಒಂದೇ ಸದ್ದು... ಆಮೇಲೆ ಅದೂ ನಿಂತಿತು.

ಟಕ್. ಟಕ್.

ರಕ್ತದ ಮಾದರಿ ತೆಗೆದುಕೊಳ್ಳುವ ಕಿಟಕಿಯ ಗಾಜು. ಉಗುರಿನಿಂದ ತಟ್ಟಿದ ಹಾಗೆ.

ಹೋಗಿ ತೆಗೆದಳು. ಯಾರೂ ಇಲ್ಲ. ತಟ್ಟೆಯಲ್ಲಿ ಒಂದು ಟ್ಯೂಬು, ತುಂಬ ರಕ್ತ. ಮುಟ್ಟಿದರೆ... ಬೆಚ್ಚಗಿತ್ತು. ಟ್ಯೂಬಿಗೆ ಅಂಟಿಸಿದ ಚೀಟಿಯಲ್ಲಿ ವಾಚ್‌ಮನ್ನನ ಹೆಂಡತಿಯ ಮಾದರಿ ನಂಬರು.

ಬಾಗಿಲಿಂದ ತಲೆ ಹಾಕಿ ಪಿಸುಗುಟ್ಟಿದಳು. “ಇದನ್ನ ಯಾರು ತಂದ್ರು ಅಣ್ಣಾ?”

“ಏನನ್ನ? ಇಲ್ಲಿ ನಾಯಿನೂ ಬಂದಿಲ್ಲ.”

“...ಏನಿಲ್ಲ. ಟೀ ಇದ್ರೆ ಒಂಚೂರು ಕೊಡಿ.”

ಬೇರೆಯವರಾದರೆ ಕಿರುಚಿಕೊಂಡು ಓಡುತ್ತಿದ್ದರು. ಲ್ಯಾಬಿನವರು ಮೊದಲು ಚೀಟಿ ನೋಡುತ್ತಾರೆ. ಚೀಟಿ ಸರಿಯಿತ್ತು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟಳು. ತಿಳಿ ಬೇರ್ಪಡಿಸುವ ಸೆಂಟ್ರಿಫ್ಯೂಜು ಊಂ... ಎಂದು ಎದ್ದು, ಹತ್ತು ನಿಮಿಷ ತಿರುಗಿ, ಕಳಕ್ ಎಂದು ನಿಂತಿತು. ತಿಳಿಯನ್ನು ಕೊಳವೆಗೆ ಬಿಟ್ಟು, ಈ ಸಲ ಒಂದೊಂದು ಹನಿಯನ್ನೂ ಎಣಿಸಿ ಹಿಡಿದಳು. ಬೆನ್ನ ಹಿಂದೆ ಯಾರೋ ಜೊತೆಗೇ ಎಣಿಸುತ್ತಿದ್ದ ಹಾಗಿತ್ತಂತೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಲೆಕ್ಕ ತಪ್ಪುತ್ತಿತ್ತು ಅನ್ನುತ್ತಾಳೆ.

ಏಳಕ್ಕೆ ಹತ್ತು ನಿಮಿಷ ಇರುವಾಗ ಪರದೆಯ ಮೇಲೆ ಒಂದು ಸಣ್ಣ ಉಬ್ಬು ಎದ್ದಿತು. ಪ್ರೋಟೀನು ಇತ್ತು. ಡಾಕ್ಟರಿಗೆ ಫೋನ್ ಮಾಡಿ, ಚೆಲ್ಲಿದ್ದನ್ನೂ ಟ್ಯೂಬು ಸಿಕ್ಕಿದ್ದನ್ನೂ ಹೇಳಿಬಿಟ್ಟಳು. ಅವರು ಚೆನ್ನಾಗಿ ಬೈದು, ಇಂಜೆಕ್ಷನ್ ನಿಲ್ಲಿಸಿ, ಹೊಸದಾಗಿ ರಕ್ತ ತೆಗೆಸಲು ಹೇಳಿದರು. ಅದರಲ್ಲೂ ಪ್ರೋಟೀನು ಇತ್ತು. ಎರಡು ಟ್ಯೂಬುಗಳನ್ನೂ ಹೋಲಿಸಿ ನೋಡಿದರು. ಒಬ್ಬಳದೇ ರಕ್ತ.

ಆ ಹೊಸ ರಕ್ತ ತೆಗೆಯಲು ಆಸ್ಪತ್ರೆಗೆ ಹೋದವಳೂ ಇವಳೇ.

“ಅತ್ತಿಗೆ, ರಾತ್ರಿ ಮನೆಗೆ ಯಾರು ಬಂದಿದ್ರು?”

“ಯಾರು ಬರ್ತಾರೆ? ಒಂಬತ್ತಕ್ಕೆ ಮಲಗಿದೋಳು ಕಣಮ್ಮ, ಅಲಾರಂ ಹೊಡೆದಾಗಲೇ ಎದ್ದಿದ್ದು.”

ಸೂಜಿ ಚುಚ್ಚುವ ಮೊದಲು ಇವಳು ಅವಳ ರವಿಕೆಯ ಎರಡೂ ತೋಳು ಮೇಲೇರಿಸಿ ನೋಡಿದಳು. ನಾನು ಇದನ್ನು ಮೂರು ಸಲ ಕೆದಕಿ ಕೇಳಿದ್ದೇನೆ, ಮೂರು ಸಲವೂ ಒಂದು ಅಕ್ಷರ ಬದಲಾಗಿಲ್ಲ. ನಂಬಿ, ಬಿಡಿ, ನಡೆದದ್ದು ಇದು. ಎಡಗೈಯಲ್ಲಿ ಹಿಂದಿನ ದಿನ ಮಧ್ಯಾಹ್ನ ಚುಚ್ಚಿದ ಒಂದೇ ಗುರುತು, ನೀಲಿಗಟ್ಟಿತ್ತು. ಬಲಗೈಯಲ್ಲಿ ಏನೂ ಇರಲಿಲ್ಲ.